ವೈದ್ಯನೂ ಉಪಸ್ಥಾತೃವೂ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂಬುದು ಆಯುರ್ವೇದದ ಪರಿಚಯವುಳ್ಳವರಿಗೆಲ್ಲ ವಿದಿತವಾದ ವಿಷಯ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಭಿಷಕ್ಕು, ದ್ರವ್ಯ, ಉಪಸ್ಥಾತೃ, ರೋಗಿ ಎಂದು ಅವುಗಳನ್ನು ಎಣಿಸಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸುತ್ತದೆ. ಇವುಗಳಲ್ಲಿ ವೈದ್ಯನನ್ನು ಕುರಿತು ನಮ್ಮ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ದ್ರವ್ಯಕ್ಕೆ ನಿಘಂಟುಗಳೇ ಇವೆ. ರೋಗಿಯಂತೂ ಎಲ್ಲ ಗ್ರಂಥಗಳಿಗೂ ನಿಮಿತ್ತನು. ಮೂರನೆಯ ಪಾದವಾದ ಉಪಸ್ಥಾತೃವನ್ನು, ಎಂದರೆ ಪರಿಚಾರಕನನ್ನು, ಪ್ರತ್ಯೇಕವಾಗಿ ವಿಚಾರಿಸಿದವರು ವಿರಳ. ಪರಿಚಾರಕನ ಕೆಲಸವು ಎಲ್ಲಿ ಮುಗಿಯುತ್ತದೆ, ವೈದ್ಯನ ಅಧಿಕಾರವು ಎಲ್ಲಿಂದ ಮೊದಲಾಗುತ್ತದೆ ಎಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಕಾಯಿದೆಯ ರೂಪವನ್ನು ತಾಳಿರುವುದರಿಂದ, ಅದರ ಪೂರ್ವವೃತ್ತಾಂತವನ್ನು ಗ್ರಂಥಗಳಿಂದಲೂ ಶಾಸನಗಳಿಂದಲೂ ತಿಳಿಯುವುದು ಅಪ್ರಸ್ತುತವಾಗಲಾರದು.

ಚರಕನು ವೈದ್ಯನಿಗೆ ಹೇಳುವ ಗುಣಗಳು ಶಾಸ್ತ್ರದಲ್ಲಿ ನಿರ್ಮಲವಾದ ತಿಳಿವು, ಬಹುವಾಗಿ ಕಂಡು ಮಾಡಿದ ಅನುಭವ, ದಕ್ಷತೆ, ಶೌಚ. ಉಪಸ್ಥಾತೃವಿಗೆ ಹೇಳುವ ಗುಣಗಳು ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ದಕ್ಷತೆಯೂ ಶೌಚವೂ ಇಬ್ಬರಿಗೂ ಸಮಾನವೆಂಬುದು ಒಡನೆಯೇ ಕಾಣುತ್ತದೆ. ವೈದ್ಯನ ಶಾಸ್ತ್ರಜ್ಞಾನಕ್ಕೆ ಪ್ರತಿಯಾಗಿ ಪರಿಚಾರಕನಿಗೆ ಉಪಚಾರಜ್ಞಾನ, ವೈದ್ಯನ ಅನುಭವಕ್ಕೆ ಪ್ರತಿಯಾಗಿ ಅನುರಾಗ: ಭೇದವಿರುವುದು ಇಷ್ಟರಲ್ಲಿಯೇ. ಉಪಚಾರಜ್ಞತೆಯನ್ನು ಮೊದಲನೆಯದಾಗಿ ಎಣಿಸಿರುವುದು ಗಮನಾರ್ಹ. ಪರಿಚಾರಕನು ಹೇಳಿದುದನ್ನು ಮಾಡುವ ಕೈಯಾಳು ಮಾತ್ರವಲ್ಲ, ತನ್ನದೇ ಆದ ಒಂದು ವಿದ್ಯೆಯುಳ್ಳವನು ಎಂಬುದು ಇದರ ಅಭಿಪ್ರಾಯವೆಂದೇ ನಾನು ತಿಳಿಯುತ್ತೇನೆ. ವಾಗ್ಭಟನು ಇದೇ ಸ್ಥಾನದಲ್ಲಿ ಬುದ್ಧಿವಂತಿಕೆಯನ್ನು ಹೇಳಿರುವುದೂ ಈ ಅರ್ಥವನ್ನೇ ಪೋಷಿಸುತ್ತದೆ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಧ್ವನಿಯೂ ಕೇಳಿಬರುತ್ತದೆ. ಕುಂಬಾರನಿಲ್ಲದೆ ಮಣ್ಣು, ದಂಡ, ಚಕ್ರಗಳಿಂದ ಗಡಿಗೆಯಾಗದಂತೆ, ವೈದ್ಯನಿಲ್ಲದೆ ಉಳಿದ ಮೂರು ಪಾದಗಳು ವ್ಯರ್ಥವೆಂದು ಚರಕನು ದೃಷ್ಟಾಂತ ಕೊಡುತ್ತಾನೆ. ಸುಶ್ರುತನು ಇನ್ನೂ ಮುಂದುವರಿದು, ಹುಟ್ಟು ಹಾಕುವವರಿಲ್ಲದಿದ್ದರೂ ಚುಕ್ಕಾಣಿ ಹಿಡಿದವನೊಬ್ಬನೇ ದೋಣಿಯನ್ನು ದಡ ಸೇರಿಸುವಂತೆ, ಗುಣವಂತನಾದ ವೈದ್ಯನೊಬ್ಬನೇ ರೋಗಿಯನ್ನು ದಾಟಿಸಬಲ್ಲನೆನ್ನುತ್ತಾನೆ. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯಲ್ಲಿ ಹರಿಗೋಲಿನಿಂದ ಹೊಳೆಯನ್ನು ದಾಟಿದವರು ಈ ಉಪಮೆಯನ್ನು ಸುಲಭವಾಗಿ ಒಪ್ಪರು. ಮಣ್ಣು ಜಡವಸ್ತು, ಪರಿಚಾರಕನಾದರೋ ರಾತ್ರಿಯೆಲ್ಲ ಎಚ್ಚರವಾಗಿರುವ ಚೇತನ. ಸುಶ್ರುತನೇ ಬೇರೆಡೆಯಲ್ಲಿ ಅವನು ಸ್ನೇಹವುಳ್ಳವನೂ, ಅಸಹ್ಯಪಡದವನೂ, ಬಲವಂತನೂ, ರೋಗಿಯ ರಕ್ಷಣೆಯಲ್ಲಿ ತೊಡಗಿದವನೂ, ವೈದ್ಯನ ಮಾತಿನಂತೆ ನಡೆಯುವವನೂ, ದಣಿವರಿಯದವನೂ ಆಗಿರಬೇಕೆಂದು ವಿಧಿಸಿರಲು, ಅಂಥವನಿಲ್ಲದೆಯೂ ನಡೆಯುವುದೆಂಬ ಮಾತು ವೈದ್ಯಪ್ರಶಂಸೆಯ ಅರ್ಥವಾದವೆಂದೇ ಭಾವಿಸಬೇಕು.

ಈ ಶಾಸ್ತ್ರಚಿತ್ರದ ಹಿನ್ನೆಲೆಯನ್ನೂ ಮರೆಯಬಾರದು. ಚರಕನ ಉಪಕಲ್ಪನೀಯಾಧ್ಯಾಯವು ಚಿಕಿತ್ಸೆಗೆ ಬೇಕಾದ ಮನೆಯನ್ನೂ ಜನರನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಅಡುಗೆ ಮಾಡುವವರು, ಸ್ನಾನ ಮಾಡಿಸುವವರು, ಮೈಯೊತ್ತುವವರು, ರೋಗಿಯನ್ನು ಎತ್ತಿ ಕೂರಿಸುವವರು, ಔಷಧವನ್ನು ಅರೆಯುವವರು, ಇವರೊಡನೆ ಹಾಡು ವಾದ್ಯಗಳನ್ನೂ ಕಥೆಗಳನ್ನೂ ಬಲ್ಲವರು ಕೂಡ ಅಲ್ಲಿರಬೇಕು. ಆದರೆ ಇದೆಲ್ಲವೂ ಅರಸನಿಗೆ, ಅರಸನಂಥವನಿಗೆ, ವಿಪುಲವಾದ ದ್ರವ್ಯವುಳ್ಳವನಿಗೆ ಎಂದು ಗ್ರಂಥವೇ ಸ್ಪಷ್ಟಪಡಿಸುತ್ತದೆ. ಉಪಸ್ಥಾತೃವಿನ ಅನುರಾಗವನ್ನು ‘ಭರ್ತೃ’ವಿನ ವಿಷಯದಲ್ಲಿ ಹೇಳಿರುವುದಕ್ಕೂ ಕಾರಣವು ಇದೇ. ಪರಿಚಾರಕನು ಸಿರಿವಂತನ ಮನೆಯ ಆಳು, ಒಡೆಯನೇ ರೋಗಿ. ಹಾಗಿರಲು ಒಡೆಯನಲ್ಲದ ರೋಗಿಗೆ, ಆಳಿಲ್ಲದ ಬಡವನಿಗೆ, ಈ ಮೂರನೆಯ ಪಾದವು ಎಲ್ಲಿಂದ ಬಂದೀತು?

ಉತ್ತರವನ್ನು ವೈದ್ಯಗ್ರಂಥಗಳ ಹೊರಗೆ ಹುಡುಕಬೇಕಾಗುತ್ತದೆ. ಅಶೋಕನ ಧರ್ಮಲಿಪಿಗಳಲ್ಲಿ ಮಸ್ಕಿಯ ಲೇಖವು 1915ರಲ್ಲಿ ದೊರೆತು ರಾಯಚೂರು ಜಿಲ್ಲೆಗೆ ಕೀರ್ತಿಯನ್ನು ತಂದಿತು. ನೆರೆಯ ಕರ್ನೂಲು ಸೀಮೆಯ ಎರ‍್ರಗುಡಿಯಲ್ಲಿ ಅವನ ಹಿರಿಯ ಶಿಲಾಲೇಖಗಳೂ ಇವೆ. ಅವುಗಳಲ್ಲಿ ಎರಡನೆಯದು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆಗಳೆಂಬ ಎರಡು ಬಗೆಯ ಚಿಕಿತ್ಸೆಗಳನ್ನು ಏರ್ಪಡಿಸಿದುದನ್ನೂ, ಮೂಲಿಕೆಗಳಿಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳುತ್ತದೆ. ರೋಗಿಯುಂಟು, ದ್ರವ್ಯವುಂಟು, ವೈದ್ಯನ ಮಾತಾಗಲಿ ಪರಿಚಾರಕನ ಮಾತಾಗಲಿ ಅಲ್ಲಿಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಕಳಚುರಿ ಬಿಜ್ಜಳನ ಕಾಲದ್ದು. ಅದರಲ್ಲಿ ಮಠವನ್ನು ವರ್ಣಿಸುವಾಗ ವೇದಶಾಸ್ತ್ರಗಳ ವ್ಯಾಖ್ಯಾನ, ಅನ್ನದಾನ ಮೊದಲಾದವುಗಳೊಡನೆ ಅನಾಥರಾದ ರೋಗಿಗಳಿಗೆ ಔಷಧೋಪಚಾರ ನಡೆಯುವ ತಾಣವೆಂಬ ವಿಶೇಷಣವೂ ಬರುತ್ತದೆ. ‘ಅನಾಥ’ ಶಬ್ದವೇ ಇಲ್ಲಿ ಮುಖ್ಯ. ಭರ್ತೃವಾದ ರೋಗಿಯ ಸ್ಥಾನದಲ್ಲಿ ನಾಥನಿಲ್ಲದ ರೋಗಿಯು ಬಂದು ನಿಂತಿದ್ದಾನೆ. ಅವನ ಬಳಿಯಲ್ಲಿ ಕುಳಿತವರಾರೆಂಬುದನ್ನು ಮಾತ್ರ ಆ ವರ್ಣನೆ ಹೇಳದು.

ಸಿಬ್ಬಂದಿಯ ಲೆಕ್ಕವನ್ನು ಕಾಣಬೇಕಾದರೆ ತಮಿಳುನಾಡಿಗೆ ಹೋಗಬೇಕು. ಚೋಳ ವೀರರಾಜೇಂದ್ರನ ಆಳ್ವಿಕೆಯ, ಎಂದರೆ 11ನೆಯ ಶತಮಾನದ ಉತ್ತರಾರ್ಧದ, ತಿರುಮುಕ್ಕೂಡಲ್ ಶಾಸನವು 15 ಹಾಸಿಗೆಗಳ ಒಂದು ಆತುರಶಾಲೆಯನ್ನು ಹೇಳುತ್ತದೆ. ವೈದ್ಯನಿಗೆ 90 ಕಲ ಭತ್ತ, 8 ಕಾಸು. ಶಸ್ತ್ರಕ್ರಿಯೆ ಮಾಡುವವನಿಗೆ 30 ಕಲ. ಮೂಲಿಕೆ, ಸೌದೆಗಳನ್ನು ತಂದು ಔಷಧ ಕಾಯಿಸುವ ಇಬ್ಬರಿಗೆ 60 ಕಲ. ರೋಗಿಗಳನ್ನು ನೋಡಿಕೊಂಡು ಔಷಧ ಕೊಡುವ ಇಬ್ಬರು ಹೆಂಗಸರಿಗೆ 30 ಕಲ, ಒಂದು ಕಾಸು. ತಲೆಗೆ 15 ಕಲ! ಸೌದೆ ತರುವವನಿಗೆ ಸಿಕ್ಕುವುದರಲ್ಲಿ ಅರ್ಧ. ವೈದ್ಯನಾದ ಕೋದಂಡರಾಮ ಅಶ್ವತ್ಥಾಮಭಟ್ಟನ ಹೆಸರು ಕಲ್ಲಿನಲ್ಲಿ ನಿಂತಿತು. ಆ ಹೆಂಗಸರಿಬ್ಬರು ಸಂಖ್ಯೆಯಾಗಿ ಉಳಿದರು. ಕಾಕತೀಯ ರುದ್ರಮದೇವಿಯ ಕಾಲದ 1261ರ ಮಲ್ಕಾಪುರ ಶಾಸನದಲ್ಲಿ ಪ್ರಸೂತಿಶಾಲೆ, ಆರೋಗ್ಯಶಾಲೆಗಳೆರಡಕ್ಕೂ ದತ್ತಿಯಿದೆ.

ಕನ್ನಡದ ವಾಙ್ಮಯದಲ್ಲಿಯೂ ವೈದ್ಯನಿಗೆ ಕೊರತೆಯಿಲ್ಲ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳು ಪ್ರಸಿದ್ಧ. ಶರಣರಲ್ಲಿ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ರಚಿಸಿದನು. ಪರಿಚಾರಕನ ಧರ್ಮವನ್ನು ಸವಿಸ್ತರವಾಗಿ ನಿರೂಪಿಸಿದವರು ಜೈನಾಚಾರ್ಯರು. ವಡ್ಡಾರಾಧನೆಯ ಕಥೆಗಳಿಗೆ ಆಕರಪರಂಪರೆಯಾದ ಶಿವಾರ್ಯನ ಭಗವತೀ ಆರಾಧನೆಯಲ್ಲಿ, ಸಲ್ಲೇಖನವನ್ನು ಕೈಕೊಂಡ ಕ್ಷಪಕನಿಗೆ 48 ಮಂದಿ ನಿರ್ಯಾಪಕರನ್ನು ವಿಧಿಸಿದೆ. ಮೈಮುಟ್ಟಿ ಸಂತೈಸುವವರು, ಧರ್ಮಕಥೆ ಹೇಳುವವರು, ಆಹಾರ ಪಾನಗಳನ್ನು ತರುವವರು, ಮಲಮೂತ್ರಗಳನ್ನು ಕಳೆಯುವವರು, ಬಾಗಿಲು ಕಾಯುವವರು ಎಂದು ಹೀಗೆ ನಾಲ್ವರು ನಾಲ್ವರಿಗೆ ಕೆಲಸದ ಹಂಚಿಕೆಯುಂಟು. ಇವರಲ್ಲಿ ಒಬ್ಬನೂ ಆಳಲ್ಲ, ಎಲ್ಲರೂ ಯತಿಗಳು. ಮಲವನ್ನು ಕಳೆಯುವ ಕೆಲಸವೂ ತಪಸ್ಸೇ. ವೈಯಾವೃತ್ಯವೆಂದು ಅದನ್ನು ಅಂತರಂಗತಪಸ್ಸುಗಳಲ್ಲಿ ಎಣಿಸಿರುವರು. ಭರ್ತೃವನ್ನು ಬಿಟ್ಟು ಅನುರಾಗವು ಹೇಗೆ ನಿಲ್ಲಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ನನಗೆ ತೋರದು.

ಶುಶ್ರೂಷೆ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಶ್ರು ಧಾತುವಿನ ಸನ್ನಂತರೂಪವಾದ ಇದರ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ಸೇವೆಯಿಂದ ಅದು ರೋಗಿಯ ಸೇವೆಗೆ ಬಂದಿತು. ವೈದ್ಯನು ಬಂದು ನೋಡಿ ಹೋಗುತ್ತಾನೆ. ನರಳುವಿಕೆಯನ್ನು ಕೇಳುವವನು ಉಪಸ್ಥಾತೃ, ಎಂದರೆ ಬಳಿಯಲ್ಲಿ ನಿಲ್ಲುವವನು.

ಈ ವಿಚಾರವು ಕೇವಲ ಪುರಾತತ್ತ್ವವಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಎಣಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಮಾನ್ವಿಯೂ ಇದ್ದವು. ಯಾಪಲದಿನ್ನಿಯಂತಹ ಹಳ್ಳಿಗಳ ಜನಕ್ಕೆ ನಾಲ್ಕು ಪಾದಗಳಲ್ಲಿ ಯಾವುದು ಹತ್ತಿರದಲ್ಲಿದೆ ಎಂಬುದೇ ಪ್ರಶ್ನೆ. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯಕೇಂದ್ರ, 5,000 ಜನಕ್ಕೊಂದು ಉಪಕೇಂದ್ರವೆಂಬುದು ಸರ್ಕಾರದ ಪ್ರಮಾಣ. ವೈದ್ಯನಿರುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಬಹುಕಾಲ ಸೂಲಗಿತ್ತಿಯ ಕೆಲಸವನ್ನೂ ಚುಚ್ಚುಮದ್ದಿನ ಕೆಲಸವನ್ನೂ ಕಲಿತ ದಾದಿಯೇ ಎಲ್ಲವೂ ಆಗಿದ್ದಳು. 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳೆಂಬ ಹೊಸ ಹುದ್ದೆಯುಂಟಾಯಿತು. ನರ್ಸಿಂಗ್ ಕಲಿತವರು, ಇಲ್ಲವೇ ಆಯುರ್ವೇದದ ಪದವೀಧರರು, ಆರು ತಿಂಗಳ ವಿಶೇಷಶಿಕ್ಷಣ ಪಡೆದು ಇದಕ್ಕೆ ಅರ್ಹರಾಗುತ್ತಾರೆ. ಚರಕನ ಭಿಷಕ್ಕೂ ಉಪಸ್ಥಾತೃವೂ ಒಂದೇ ಹುದ್ದೆಗೆ ಅರ್ಜಿ ಹಾಕುವ ಕಾಲ ಬಂದಿತಲ್ಲ ಎಂದು ಪಾಠಶಾಲೆಯ ಗೆಳೆಯರೊಬ್ಬರು ನಕ್ಕರು. ನನಗೆ ಅಷ್ಟು ನಗು ಬರಲಿಲ್ಲ. ಅದೇ 2018ರಲ್ಲಿ ಹೆರಿಗೆಯ ವಿಷಯದಲ್ಲಿ ಸ್ವತಂತ್ರವಾಗಿ ನಡೆಯಬಲ್ಲ ದಾದಿಯರಿಗೆ 18 ತಿಂಗಳ ಶಿಕ್ಷಣವನ್ನು ಕೇಂದ್ರಸರ್ಕಾರವು ಗೊತ್ತುಮಾಡಿತು. ವಯಸ್ಸಾದ, ಹೆರಿಗೆಯಲ್ಲಿ ಕುಶಲರಾದ, ಉಗುರು ಕತ್ತರಿಸಿಕೊಂಡ ನಾಲ್ವರು ಹೆಂಗಸರನ್ನು ಸುಶ್ರುತನು ಸೂತಿಕಾಗಾರದಲ್ಲಿ ಇರಿಸಿದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿ ಬಂದುದೂ ಆ ವರ್ಷವೇ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೆಯ ಪ್ರಕರಣವು ಸಮುದಾಯ ಆರೋಗ್ಯಪ್ರದಾತರಿಗೆ ಸೀಮಿತವಾದ ಅನುಮತಿಯನ್ನು ಕಲ್ಪಿಸಿದಾಗ ವೈದ್ಯರು ಮುಷ್ಕರ ಹೂಡಿದರು. ಪ್ರಾಥಮಿಕ ಚಿಕಿತ್ಸೆಯಲ್ಲಿಯೂ ರೋಗನಿವಾರಣೆಯಲ್ಲಿಯೂ ಗೊತ್ತಾದ ಔಷಧಗಳನ್ನು ಮಾತ್ರ ಅಂಥವರು ಸ್ವತಂತ್ರವಾಗಿ ಬರೆದುಕೊಡಬಹುದು. ಉಳಿದುದೆಲ್ಲ ವೈದ್ಯನ ಮೇಲ್ವಿಚಾರಣೆಗೆ ಒಳಪಟ್ಟುದು. ವೈದ್ಯರ ಭಯವು ನಿರಾಧಾರವೆಂದು ನಾನು ಹೇಳೆನು: ಅಲ್ಪಜ್ಞನಾದ ವೈದ್ಯನ ಕೈಯ ಔಷಧಕ್ಕಿಂತ ಔಷಧವಿಲ್ಲದಿರುವುದೇ ಲೇಸೆಂಬ ಭಾವ ಚರಕನಲ್ಲಿಯೂ ಉಂಟು. ಆದರೆ ಉಪಚಾರಜ್ಞತೆಯನ್ನು ಅಲ್ಪಜ್ಞತೆಯೆಂದು ಗಣಿಸುವುದಕ್ಕೆ ಆತನ ಗ್ರಂಥದಲ್ಲಿ ಆಧಾರವಿಲ್ಲ. ಹಾಗೆ ಗಣಿಸಿದ್ದರೆ ಹದಿನಾರು ಗುಣಗಳಲ್ಲಿ ಅದಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ಉಪಕೇಂದ್ರದ ಅಧಿಕಾರಿಯು ದೂರದಲ್ಲಿರುವ ವೈದ್ಯನನ್ನು ಇ-ಸಂಜೀವನಿ ಯಂತ್ರದ ಮೂಲಕ ಕೇಳಿ ಔಷಧ ಕೊಡುವ ಪದ್ಧತಿಯೊಂದು ಈಗ ಬಳಕೆಯಲ್ಲಿದೆ. ರೋಗಿಯ ಮಾತನ್ನು ಈ ಕಿವಿಯಿಂದಲೂ ವೈದ್ಯನ ಮಾತನ್ನು ಆ ಕಿವಿಯಿಂದಲೂ ಕೇಳುವ ಆ ಕೆಲಸಕ್ಕೆ ಶುಶ್ರೂಷೆಯೆಂಬ ಹೆಸರು ಧಾತ್ವರ್ಥದಿಂದಲೇ ಸಲ್ಲುತ್ತದೆ.