ಕಂಕುಳ ಕೂಸು, ಸೀರೆಯ ಜೋಲಿ

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತದೆ ಗಾದೆ. ಕಾವೇರಿ ಬಯಲಿನ ಸೋಮನಾಥಪುರದ ಈ ಸೀಮೆಯಲ್ಲಿ ಮಗುವನ್ನು ಹೊರಲು ತಾಯಿಯ ಸೊಂಟ, ಅಜ್ಜನ ಹೆಗಲು, ಅಕ್ಕನ ಬೆನ್ನೇ ಸಾಕಿತ್ತು. ಬೆನ್ನಿನ ಸವಾರಿಗೆ ಕೂಸುಮರಿ, ಉಪ್ಪುಮೂಟೆ ಎಂಬ ಚೆಂದದ ಹೆಸರುಗಳಿವೆ.

ಇಲ್ಲಿನ 1258ರ ಕೇಶವ ದೇಗುಲದ ಆಚೆಗಿನ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಎಂದರೆ ತಾಯಿಗೆ ಎರಡೂ ಕೈ ಬೇಕು. ಆಗ ಹಳೆಯ ಹತ್ತಿ ಸೀರೆಯೇ ಜೋಲಿ. ಬದುವಿನ ಮರದ ಗಟ್ಟಿ ಕೊಂಬೆಗೆ ಸೀರೆಯ ಎರಡೂ ತುದಿ ಸೇರಿಸಿ ಗಂಟು ಹಾಕಿದರೆ, ಮಗುವಿನ ಭಾರಕ್ಕೆ ಬಟ್ಟೆ ತಾನೇ ತೊಟ್ಟಿಲಿನಂತೆ ಬಾಗುತ್ತದೆ. ನೆಲದ ತೇವ, ಇರುವೆ ತಾಗದು. ಒಗೆದೊಗೆದು ಮೆತ್ತಗಾದ ನೂಲು ಎಳೆ ಮೈಗೆ ಹಿತ. ತೂಗುವ ಕೆಲಸ ಎಷ್ಟೋ ಸಲ ಪುಟ್ಟ ಅಕ್ಕನದು; ಅದಕ್ಕಾಗಿ ಅವಳ ಶಾಲೆ ತಪ್ಪುತ್ತಿದ್ದುದನ್ನೂ ಇಲ್ಲಿ ನೆನೆಯಲೇಬೇಕು.

ಅಮೆರಿಕದ ನವಾಹೊ ಬುಡಕಟ್ಟಿನವರು ಮಗುವಿನ ಕಾಲು ನೀಳವಾಗಿಸಿ ಹಲಗೆಗೆ ಬಿಗಿಯುತ್ತಿದ್ದರು. ಅವರ ಮಕ್ಕಳಲ್ಲಿ ಸೊಂಟದ ಕೀಲು ಜಾರುವ ತೊಂದರೆ ಹೆಚ್ಚಿತ್ತು. ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸುವ ನಮ್ಮ ರೂಢಿ ಆ ಕೀಲಿಗೆ ಒಳ್ಳೆಯದು.

ಗಾದೆಯ ಆ ‘ಕೂಸು’ ಇಂದಿಗೂ ಮಾತಿನಲ್ಲಿದೆ: ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಶಿಶುಪಾಲನಾ ಕೇಂದ್ರಗಳ ಹೆಸರು ‘ಕೂಸಿನ ಮನೆ’.