ಬ್ಯಾರೆಲ್ ಎನ್ನುತ್ತಿದ್ದ ಮೀನು ಮಗಳಾದ ಕಥೆ

ಗುಜರಾತಿನ ಸೋಮನಾಥ ದೇವಸ್ಥಾನದ ಹೆಸರು ಕೇಳದವರು ಕಡಿಮೆ. ಅದರ ಪಕ್ಕದಲ್ಲೇ ವೆರಾವಲ್ ಎಂಬ ಬಂದರು ಇದೆ. ದೇಶದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಅದೂ ಒಂದು. 1990ರ ದಶಕದಲ್ಲಿ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಅಲ್ಲಿನ ಮೀನುಗಾರರು ಒಂದು ಭಾರೀ ಮೀನಿನ ಬೇಟೆಗೆ ಹೊರಡುತ್ತಿದ್ದರು. ಆ ಮೀನನ್ನು ಅವರು ಕರೆಯುತ್ತಿದ್ದದ್ದು ಬ್ಯಾರೆಲ್ ಎಂದು. ಡಾಂಬರು, ಎಣ್ಣೆ ತುಂಬುವ ಡ್ರಮ್ಮು ಇರುತ್ತದಲ್ಲ, ಅದೇ ಬ್ಯಾರೆಲ್.

ಹೆಸರು ಬಂದದ್ದು ಬೇಟೆಯ ಕ್ರಮದಿಂದ. ಮೀನು ನೀರಿನ ಮೇಲ್ಗಡೆ ನಿಧಾನವಾಗಿ ತೇಲುತ್ತಾ ಬಂದಾಗ ದೋಣಿಯಿಂದಲೇ ದೊಡ್ಡ ಕಬ್ಬಿಣದ ಕೊಕ್ಕೆ ಚುಚ್ಚುತ್ತಿದ್ದರು. ಕೊಕ್ಕೆಗೆ ಹಗ್ಗ, ಹಗ್ಗದ ತುದಿಗೆ ಖಾಲಿ ಬ್ಯಾರೆಲ್‌ಗಳು. ನೋವಿಗೆ ಮೀನು ಆಳಕ್ಕೆ ಇಳಿಯಲು ನೋಡುತ್ತದೆ, ಗಾಳಿ ತುಂಬಿದ ಬ್ಯಾರೆಲ್ ಮೇಲಕ್ಕೆ ಎಳೆಯುತ್ತದೆ. ಹೀಗೆ ಎಳೆದಾಡಿ ಸುಸ್ತಾದ ಮೇಲೆ ದಡಕ್ಕೆ ಎಳೆದು ತಂದು ಕತ್ತರಿಸುವುದು.

ಇದು ತಿಮಿಂಗಿಲ ಶಾರ್ಕ್. ಹೆಸರಲ್ಲಿ ತಿಮಿಂಗಿಲ ಇದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲ ಮರಿಗೆ ಹಾಲೂಡಿಸುವ, ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಇದು ಕಿವಿರಿನಲ್ಲಿ ಉಸಿರಾಡುವ ಅಪ್ಪಟ ಮೀನು, ಜಗತ್ತಿನ ಮೀನುಗಳಲ್ಲೇ ದೊಡ್ಡದು. 12 ಮೀಟರ್ ಉದ್ದ ಬೆಳೆಯುವುದುಂಟು, ಅಂದರೆ ನಮ್ಮೂರಿಗೆ ಬರುವ ಕೆಂಪು ಬಸ್ಸಿನಷ್ಟು. 18 ಮೀಟರ್ ಮುಟ್ಟಿದ್ದೂ ಇದೆ. ಸಿನಿಮಾಗಳಲ್ಲಿ ಮನುಷ್ಯರನ್ನು ಹರಿದು ತಿನ್ನುವ ಶಾರ್ಕ್ ನೋಡಿ ಬೆಳೆದ ನಮಗೆ ಇದರ ಊಟ ಕೇಳಿದರೆ ನಗು ಬರುತ್ತದೆ. ಬಾಯಿ ತೆರೆದುಕೊಂಡು ಹೋಗುವುದು, ಒಳಬಂದ ನೀರನ್ನು ಕಿವಿರಿನಲ್ಲಿ ಸೋಸಿ ಬಿಡುವುದು, ಉಳಿದ ಸೀಗಡಿ ಮರಿ, ಮೀನಿನ ಮೊಟ್ಟೆ, ಪುಟಾಣಿ ಜೀವಿಗಳನ್ನು ನುಂಗುವುದು. ಇಷ್ಟೇ. ಪಕ್ಕದಲ್ಲಿ ಮನುಷ್ಯ ಈಜಿದರೂ ತನ್ನ ಪಾಡಿಗೆ ತಾನು ಹೋಗುತ್ತದೆ. ಈ ಸಾಧು ಸ್ವಭಾವವೇ ಅದಕ್ಕೆ ಮುಳುವಾಯಿತು.

ಮೊದಲು ಬೇಟೆಯಾಡುತ್ತಿದ್ದದ್ದು ಲಿವರಿನ ಎಣ್ಣೆಗಾಗಿ. ಮರದ ದೋಣಿಗೆ ನೀರು ಹಿಡಿಯದಂತೆ ಆ ಎಣ್ಣೆ ಬಳಿಯುತ್ತಿದ್ದರು. ಮಾಂಸಕ್ಕೆ ಸ್ಥಳೀಯವಾಗಿ ಗಿರಾಕಿಯೇ ಇರಲಿಲ್ಲ. 90ರ ದಶಕದಲ್ಲಿ ತೈವಾನ್ ಕಡೆಯಿಂದ ಮಾಂಸಕ್ಕೆ ಬೇಡಿಕೆ ಬಂತು. ಬೆಲೆ ಏರಿತು, ಬೇಟೆಯೂ ಏರಿತು. ನೂರಾರು ಮೀನುಗಳು ಸತ್ತವು. ಈ ಮೀನು ಪ್ರಾಯಕ್ಕೆ ಬರಲು 25 ವರ್ಷವಾದರೂ ಬೇಕು. ಹಾಗಿರುವಾಗ ವರ್ಷ ವರ್ಷ ದೊಡ್ಡ ಮೀನುಗಳನ್ನೇ ಹಿಡಿದರೆ ಸಂತತಿ ಎಲ್ಲಿಂದ ಬರಬೇಕು? ಹೋರಿ, ಹಸು ಮಾರಿ ಕೊಟ್ಟಿಗೆ ಖಾಲಿ ಮಾಡಿಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೊರಗಿನವರಿಗೆ ಇದು ಗೊತ್ತಾದದ್ದು ಒಂದು ಚಿತ್ರದಿಂದ. ಮೈಕ್ ಪಾಂಡೆ ಎಂಬ ವನ್ಯಜೀವಿ ಚಿತ್ರ ನಿರ್ದೇಶಕರು ಈ ಬೇಟೆಯನ್ನು ಚಿತ್ರೀಕರಿಸಿ 'ಶೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. 2000ದಲ್ಲಿ ಅದಕ್ಕೆ ಗ್ರೀನ್ ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಮರುವರ್ಷ, 2001ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ, ಆನೆಗೆ ಇರುವ ರಕ್ಷಣೆಯೇ ಇದಕ್ಕೂ. ಆ ಪಟ್ಟಿಗೆ ಸೇರಿದ ಮೊದಲ ಮೀನು ಇದು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಅದೇ ವರ್ಷ ಜುಲೈಯಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಜಾತಿಯ ಶಾರ್ಕ್ ಮತ್ತು ತೊರಕೆಗಳನ್ನು ಹಿಡಿಯುವುದನ್ನು ನಿಷೇಧಿಸಿತು. ಕರಾವಳಿಯಲ್ಲಿ ಗಲಾಟೆ ಎದ್ದಿತು. ಬಲೆ ಹಾಕಿದವನಿಗೆ ಯಾವ ಮೀನು ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆಯೇ? ಇವನ್ನೇ ನಂಬಿ ಬದುಕುವ ಕುಟುಂಬಗಳು ಏನು ಮಾಡಬೇಕು? ಡಿಸೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿದು ಪಟ್ಟಿಯನ್ನು 10 ಜಾತಿಗಳಿಗೆ ಇಳಿಸಿತು. ಮೀನುಗಾರರನ್ನು ಕೇಳದೆ ದೆಹಲಿಯಲ್ಲಿ ಬರೆದ ಆದೇಶ ಆರು ತಿಂಗಳೂ ಬಾಳಲಿಲ್ಲ. ಇದರಲ್ಲಿ ಮೀನುಗಾರರದೇ ತಪ್ಪು ಎನ್ನುವವರ ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ.

ತಿಮಿಂಗಿಲ ಶಾರ್ಕಿನ ಹೆಸರು ಪಟ್ಟಿಯಲ್ಲಿ ಉಳಿಯಿತು. ಆದರೆ ಕಡಲ ಮಧ್ಯೆ ಕಾಯ್ದೆ ಕಾಯಲು ಯಾರು ಹೋಗುತ್ತಾರೆ? ಅಲ್ಲಿಯ ಬಹಳ ಮೀನುಗಾರರಿಗೆ ಇಂಥ ಕಾನೂನು ಬಂದಿದೆ ಎಂಬುದೇ ತಿಳಿದಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಒಂದು ಅಭಿಯಾನ ಶುರುಮಾಡಿದವು. ರಾಮಕಥೆ ಹೇಳುವ ಮೊರಾರಿ ಬಾಪು ಅದರ ರಾಯಭಾರಿಯಾದರು. ಗುಜರಾತಿನಲ್ಲಿ ಅವರ ಮಾತಿಗೆ ಇರುವ ತೂಕ ದೊಡ್ಡದು. ಅವರು ಕಾಯ್ದೆ, ದಂಡದ ಮಾತಾಡಲಿಲ್ಲ. ಈ ಮೀನು ಹೆರಿಗೆಗೆಂದು ತವರಿಗೆ ಬಂದ ಮಗಳಿದ್ದಂತೆ ಎಂದರು. ಮನೆಗೆ ಬಂದ ಬಸುರಿ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ?

ಮೀನಿಗೆ ಹೊಸ ಹೆಸರು ಬಂತು: ವ್ಹಾಲಿ. ಗುಜರಾತಿಯಲ್ಲಿ ಪ್ರೀತಿಯವಳು ಎಂದರ್ಥ. ಊರೂರಲ್ಲಿ ಬೀದಿನಾಟಕ ಆಡಿದರು, ಗಾಳಿ ತುಂಬಿದ ಬಸ್ಸಿನಷ್ಟು ದೊಡ್ಡ ಮೀನಿನ ಬೊಂಬೆ ಮೆರೆಸಿದರು. ಪೋರಬಂದರ್, ದ್ವಾರಕಾದಂಥ ಊರುಗಳು ವ್ಹಾಲಿಯನ್ನು ತಮ್ಮೂರಿನ ಲಾಂಛನ ಮಾಡಿಕೊಂಡವು. (ಅದು ಗುಜರಾತಿಗೆ ಬರುವುದು ಮರಿ ಹಾಕಲಿಕ್ಕೇ ಎಂಬುದು ಪೂರ್ತಿ ಸಾಬೀತಾಗಿಲ್ಲ. ಮರಿಗಳು ಸಿಕ್ಕಿರುವುದಂತೂ ನಿಜ.)

ಮಾತು ಮನಸ್ಸಿಗೆ ತಟ್ಟಿತು, ಸರಿ. ಆದರೆ ಬಲೆಯ ಕಥೆ? ಬಸ್ಸಿನಷ್ಟು ದೊಡ್ಡ ಮೀನು ಬಲೆಗೆ ಸಿಕ್ಕಿಕೊಂಡರೆ ಬಿಡಿಸಲು ಇರುವ ದಾರಿ ಒಂದೇ, ಬಲೆ ಕತ್ತರಿಸುವುದು. ಬಲೆ ಸಾಲ ಮಾಡಿ ತಂದದ್ದು. ಹಾಗಾಗಿ ಅರಣ್ಯ ಇಲಾಖೆ ಕತ್ತರಿಸಿದ ಬಲೆಗೆ ಪರಿಹಾರ ಕೊಡಲು ಒಪ್ಪಿತು, ಆರಂಭದಲ್ಲಿ ಗರಿಷ್ಠ 25,000 ರೂಪಾಯಿ. ಅದಕ್ಕೂ ತೊಡಕಿತ್ತು. ಅಧಿಕಾರಿ ಬಂದು ಕಣ್ಣಾರೆ ನೋಡುವವರೆಗೆ ಮೀನು ಬಲೆಯಲ್ಲೇ ಒದ್ದಾಡಬೇಕು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಕತ್ತರಿಸಿ, ಫೋಟೋ ತೆಗೆದು ತಂದರೆ ಸಾಕು. ಹೀಗೆ ನೂರಾರು ವ್ಹಾಲಿಗಳು ಕಡಲಿಗೆ ಮರಳಿವೆ. ಒಂದು ಕಾಲಕ್ಕೆ ಕೊಕ್ಕೆ ಎಸೆದ ಕೈಗಳೇ ಬಲೆಗೆ ಚಾಕು ಹಾಕಿದವು.

ಉಳಿದ ಶಾರ್ಕ್‌ಗಳಿಗೆ ಈ ಅದೃಷ್ಟವಿಲ್ಲ. ಶಾರ್ಕ್ ಕುಲ 40 ಕೋಟಿ ವರ್ಷಕ್ಕೂ ಹಳೆಯದು, ಡೈನೋಸಾರ್‌ಗಳಿಗಿಂತ ಹಿಂದಿನದು. ಶಾರ್ಕ್‌ನಿಂದ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಾಯುವ ಜನ ಬೆರಳೆಣಿಕೆಯಷ್ಟು. ನಾವು ವರ್ಷಕ್ಕೆ ಕೊಲ್ಲುವ ಶಾರ್ಕ್ ಸುಮಾರು 10 ಕೋಟಿ ಎಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತ್ತು. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್, ತೊರಕೆಗಳು ಶೇ. 71ರಷ್ಟು ಇಳಿದಿವೆ ಎಂದು 2021ರಲ್ಲಿ ಇನ್ನೊಂದು ಅಧ್ಯಯನ ಹೇಳಿತು.

ಇಳಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಉದಾಹರಣೆ ರೈತರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಕಡಲ ತಳದಲ್ಲಿ ಹುಲ್ಲುಗಾವಲು ಇದೆ. ಆಮೆ, ಕಡಲಹಸು ಅಲ್ಲಿ ಮೇಯುತ್ತವೆ. ಹುಲಿ ಶಾರ್ಕಿನ ಭಯಕ್ಕೆ ಅವು ಒಂದೇ ಕಡೆ ನಿಂತು ಬುಡಸಮೇತ ಮೇಯುವುದಿಲ್ಲ, ಜಾಗ ಬದಲಿಸುತ್ತವೆ. ಹಾಗಾಗಿ ಹುಲ್ಲು ಮತ್ತೆ ಚಿಗುರುತ್ತದೆ, ಆ ಹುಲ್ಲಿನಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ.

ಭಾರತದಲ್ಲಿ ಈಜುರೆಕ್ಕೆ ಮಾತ್ರ ಕೊಯ್ದು ಉಳಿದ ಮೀನನ್ನು ಕಡಲಿಗೆಸೆಯುವುದನ್ನು 2013ರಲ್ಲಿ ನಿಷೇಧಿಸಿದರು. ರೆಕ್ಕೆಯ ಸೂಪ್ ಚೀನಾದ ಕಡೆ ಔತಣದ ಊಟ, ಅದಕ್ಕಾಗಿಯೇ ಈ ವ್ಯಾಪಾರ. 2015ರಲ್ಲಿ ರೆಕ್ಕೆಯ ರಫ್ತೂ ನಿಂತಿತು. ಆದರೂ ಟ್ರಾಲ್ ಬಲೆಗೆ ಬೇರೆ ಮೀನಿನ ಜೊತೆ ಸಣ್ಣ ಶಾರ್ಕ್‌ಗಳು ಬೀಳುತ್ತಲೇ ಇವೆ.

ನಮ್ಮ ಕರಾವಳಿಯಲ್ಲಿ ಶಾರ್ಕಿಗೆ ತಾಟೆ ಎನ್ನುತ್ತಾರೆ. ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಮೊಳದುದ್ದದವು. ಅವುಗಳಲ್ಲಿ ಒಂದು ಜಾತಿಗೆ ಇಂಗ್ಲಿಷಿನಲ್ಲಿ ಮಿಲ್ಕ್ ಶಾರ್ಕ್, ಹಾಲು ಶಾರ್ಕ್ ಎಂದೇ ಹೆಸರು. ಅದರ ಸಾರು ತಿಂದರೆ ಬಾಣಂತಿಗೆ ಎದೆಹಾಲು ಹೆಚ್ಚುತ್ತದೆ ಎಂಬ ಭಾರತದ ನಂಬಿಕೆಯಿಂದಲೇ ಬಂದ ಹೆಸರು ಅದು. ತವರಿಗೆ ಬಂದ ಮಗಳ ತಟ್ಟೆಗೆ ಇವತ್ತೂ ಅದನ್ನು ಬಡಿಸುತ್ತಾರೆ. ಆ ಶಾರ್ಕೂ ಒಂದು ಬಸಿರಿಗೆ ನಾಲ್ಕಾರು ಮರಿಗಳನ್ನಷ್ಟೇ ಹೆರುತ್ತದೆ. ಈಗ ಅದು ಅಳಿವಿನ ಅಂಚಿಗೆ ಸರಿಯುತ್ತಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ.