ಪಿಪಿಟಿಗೂ ಎ4 ಹಾಳೆಗೂ ಅಳತೆ ತಪ್ಪಿದ ಬಗೆ

ಪಿಪಿಟಿ ಇರುವುದು ಪರದೆಗೆ, ಅದನ್ನು ಪ್ರಿಂಟ್ ಹಾಕಿಸುವುದು ಹಳೆಯ ಚಾಳಿ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಹೀಗೆನ್ನುವವರು ತರಬೇತಿ ಮುಗಿದ ಸಂಜೆ ಹತ್ತಿರದ ಜೆರಾಕ್ಸ್ ಅಂಗಡಿಗೊಮ್ಮೆ ಹೋಗಿ ನೋಡಬೇಕು.

ಹಾಳೆಯ ಕಥೆ ಚಿಕ್ಕದು. ಜರ್ಮನಿಯ ವಾಲ್ಟರ್ ಪೋರ್ಸ್ಟ್‌ಮನ್ 1922ರಲ್ಲಿ ರೂಪಿಸಿಕೊಟ್ಟ ಅಳತೆಗಳು 1975ರಲ್ಲಿ ಐಎಸ್‌ಒ 216 ಎಂಬ ಅಂತರರಾಷ್ಟ್ರೀಯ ಮಾನಕವಾದವು. ಎ4 ಎಂದರೆ 210×297 ಮಿ.ಮೀ.; ಅರ್ಧಕ್ಕೆ ಮಡಚಿದರೂ ಅಗಲ-ಉದ್ದಗಳ ಪ್ರಮಾಣ ಕೆಡುವುದಿಲ್ಲ. ಸ್ಲೈಡಿನ ಕಥೆ ಹಾಗಲ್ಲ. 35 ಮಿ.ಮೀ. ಫಿಲ್ಮ್ ಸ್ಲೈಡುಗಳ ಕಾಲದಲ್ಲಿ ಪ್ರಿಂಟಿನ ಪ್ರಶ್ನೆಯೇ ಏಳಲಿಲ್ಲ.

ನಮ್ಮ ತಲೆಮಾರು ಕೆಲಸ ಕಲಿತದ್ದು ಓವರ್‌ಹೆಡ್ ಪ್ರೊಜೆಕ್ಟರ್, ಅಂದರೆ ಓಎಚ್‌ಪಿಯಲ್ಲಿ. ಬಿಳಿ ಹಾಳೆಯ ಮೇಲೆ ಟೈಪ್ ಮಾಡಿ, ಅದನ್ನೇ ಪಾರದರ್ಶಕ ಶೀಟಿಗೆ ಜೆರಾಕ್ಸ್ ಹಾಕಿಸಿದರೆ ಪರದೆಗಾಯಿತು. ಕಾಗದಕ್ಕೆ ಹಾಕಿಸಿದರೆ ಕೈಗೆ ಕೊಡುವ ಪ್ರತಿಯಾಯಿತು. ಎರಡಕ್ಕೂ ಅಳತೆ ಒಂದೇ. 1987ರಲ್ಲಿ ಮ್ಯಾಕಿಂಟಾಷ್‌ಗೆಂದು ಬಂದ ಮೊದಲ ಪವರ್‌ಪಾಯಿಂಟ್ ಮಾಡುತ್ತಿದ್ದುದೂ ಇದನ್ನೇ: ಓಎಚ್‌ಪಿ ಶೀಟಿಗೆ ಬೇಕಾದ ಕಪ್ಪು-ಬಿಳುಪು ಪುಟಗಳನ್ನು ಪ್ರಿಂಟ್ ತೆಗೆದುಕೊಡುವುದು. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಸಂಗಡಿಗರು ಅದನ್ನು ಕಟ್ಟಿದ್ದು ಹಾಳೆಗಾಗಿ. ‘ಪರದೆಗೆ ಮಾತ್ರ’ ಎನ್ನುವವರಿಗೆ ಈ ಚರಿತ್ರೆ ತಿಳಿದಂತಿಲ್ಲ.

ಆಮೇಲಿನ 4:3 ಸ್ಲೈಡು ಎ4ನಲ್ಲಿ ಅಡ್ಡಕ್ಕೆ 280 ಮಿ.ಮೀ. ತುಂಬುತ್ತಿತ್ತು. ಉಳಿದ 17 ಮಿ.ಮೀ. ಬೈಂಡಿಂಗ್‌ಗೆ ಹೋಗುತ್ತಿತ್ತು, ಯಾರಿಗೂ ತಕರಾರಿರಲಿಲ್ಲ. ಪವರ್‌ಪಾಯಿಂಟಿನ 2013ರ ಆವೃತ್ತಿ ಏಕಾಏಕಿ 16:9ಕ್ಕೆ ಹಾರಿತು. ಟಿವಿಗೆ ಚೆಂದ, ಹಾಳೆಯಲ್ಲಿ ಮಾತ್ರ ಮೇಲೆ ಕೆಳಗೆ ಸೇರಿ 43 ಮಿ.ಮೀ. ಬರಿದು. ‘ಸ್ಲೈಡ್ ಸೈಜ್’ನಲ್ಲಿ ಎ4 ಎಂಬ ಆಯ್ಕೆ ಇದೆಯಲ್ಲ ಎನ್ನಬಹುದು. ಅದನ್ನು ಒತ್ತಿ ನೋಡಿ: 27.52×19.05 ಸೆಂ.ಮೀ.! ಅಂಚು ಬಿಡುವ ಲೆಕ್ಕವಿದ್ದೀತು, ಆದರೆ ಎ4ರ ಪ್ರಮಾಣವಂತೂ ಅದಲ್ಲ. ‘ಕಸ್ಟಮ್’ಗೆ ಹೋಗಿ 29.7 ಮತ್ತು 21 ಎಂದು ನಾವೇ ತುಂಬಬೇಕು, ಅದೂ ಕೆಲಸ ಶುರು ಮಾಡುವ ಮುಂಚೆಯೇ. ತಯಾರಾದ ಪಿಪಿಟಿಯ ಅಳತೆ ಬದಲಿಸಹೊರಟರೆ ‘ಮ್ಯಾಕ್ಸಿಮೈಜ್’ ಅಂಚಿನಲ್ಲಿದ್ದುದನ್ನು ಹೊರದಬ್ಬುತ್ತದೆ, ‘ಎನ್‌ಶೂರ್ ಫಿಟ್’ ಎಲ್ಲವನ್ನೂ ಕುಗ್ಗಿಸುತ್ತದೆ.

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು ಟಿಲ್ ಟಾಂಟೌ ಅವರ ಬೀಮರ್ ಎಂಬ ಸ್ಲೈಡು ತಯಾರಿಸುವ ತಂತ್ರಾಂಶ. 128×96 ಮಿ.ಮೀ.ನ ಪುಟ್ಟ ಪುಟ, ಅದಕ್ಕೆ ಪುಸ್ತಕದ ಗಾತ್ರದ್ದೇ ಅಕ್ಷರ. ಒಂದು ಹಾಳೆಗೆ ಎರಡೋ ನಾಲ್ಕೋ ಜೋಡಿಸಲು ಪ್ರತ್ಯೇಕ ಏರ್ಪಾಡು. ಕಲಿಯುವುದು ಕಷ್ಟ, ಹಾಗಾಗಿ ಅದು ಗಣಿತದವರ ಕೇರಿ ಬಿಟ್ಟು ಹೆಚ್ಚು ಹೊರಬರಲಿಲ್ಲ. ಪಿಪಿಟಿಯನ್ನು ಜರೆದ ಎಡ್ವರ್ಡ್ ಟಫ್ಟಿ, ಎ3 ಹಾಳೆ ಮಡಚಿ ನಾಲ್ಕು ಪುಟದ ಕೈಪ್ರತಿ ಕೊಡಿ ಎಂದರು. ಸರಿಯೇ, ಆದರೆ ತಾಲ್ಲೂಕು ಮಟ್ಟದಲ್ಲಿ ಎ3 ಪ್ರಿಂಟರ್ ಹುಡುಕುವವರು ಯಾರು?

ಇವರಾರೂ ಕನ್ನಡವನ್ನು ಗಮನದಲ್ಲಿಟ್ಟುಕೊಂಡವರಲ್ಲ. ಹಾಳೆಗೆ ನಾಲ್ಕರಂತೆ ಪ್ರಿಂಟ್ ಹಾಕಿದರೆ 16:9 ಸ್ಲೈಡಿನ 18 ಪಾಯಿಂಟ್ ಅಕ್ಷರ 8ಕ್ಕೂ ಕೆಳಗಿಳಿಯುತ್ತದೆ. ಇಂಗ್ಲಿಷನ್ನು ಹೇಗೋ ಓದಬಹುದು. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು ಕೂತು, ಮುಂದಿನ ಸಾಲಿನ ಗುಡಿಸಿಗೆ ತಾಗಿ, ಎರಡೂ ಸಾಲು ಮಸಿಯಾಗುತ್ತವೆ. 29.7×21ರಲ್ಲಿ 24 ಪಾಯಿಂಟ್ ಇಟ್ಟರೆ, ಅಂಚಿಗೆ ಹೋಗುವಷ್ಟು ಬಿಟ್ಟು, ಹಾಳೆಗೆ ನಾಲ್ಕು ಹಾಕಿದಾಗಲೂ ಸುಮಾರು 12 ಉಳಿಯುತ್ತದೆ. ನಾನು ಕಂಡ ತರಬೇತಿ ಸುತ್ತೋಲೆಗಳು ಎಷ್ಟು ಸ್ಲೈಡು, ಎಷ್ಟು ನಿಮಿಷ ಎಂಬುದನ್ನು ಹೇಳುತ್ತವೆ. ಸ್ಲೈಡಿನ ಅಳತೆಯನ್ನು ಜೆರಾಕ್ಸ್ ಅಂಗಡಿಯ ಹುಡುಗನ ಇಷ್ಟಕ್ಕೆ ಬಿಡುತ್ತವೆ.